ಘಟ್ಟದಲ್ಲಿ ಮಾತ್ರ ಕಾಣುವ ಗೇರ್‌ಬಾಕ್ಸ್ ದೋಷ: ಹೊಸ ಏಳು ಸೀಟಿನ ಗಾಡಿಗೆ ತಪಾಸಣೆ ಕೈಪಿಡಿ

ಹೊಸ ಗಾಡಿಯ ಗೇರ್‌ಬಾಕ್ಸ್ ಕೆಟ್ಟರೆ ರಿಪೇರಿಗಿಂತ ಕಷ್ಟದ ಕೆಲಸ ಇನ್ನೊಂದಿದೆ. ಅದು ಕೆಟ್ಟಿದೆ ಎಂದು ಸರ್ವೀಸ್ ಸೆಂಟರಿನವರನ್ನು ಒಪ್ಪಿಸುವುದು. ಸೋಮೇಶ್ವರದಿಂದ ಆಗುಂಬೆಗೆ ಹತ್ತುವ 14 ಹೇರ್‌ಪಿನ್ ತಿರುವುಗಳಲ್ಲಿ, ಏಳು ಜನರನ್ನೂ ಮದುವೆ ಮನೆಯ ಸಾಮಾನನ್ನೂ ಹೊತ್ತು ಜರ್ಕ್ ಹೊಡೆದ ಅದೇ ಗಾಡಿ, ಶಿವಮೊಗ್ಗದಲ್ಲಿ ಟೆಕ್ನಿಷಿಯನ್ ಒಬ್ಬನೇ ಕುಳಿತು ಊರ ಸುತ್ತ ಸಮತಟ್ಟಾದ ರಸ್ತೆಯಲ್ಲಿ ಓಡಿಸಿದಾಗ ಯಾವ ತಕರಾರೂ ಮಾಡುವುದಿಲ್ಲ. ದೂರು ಮತ್ತು ಮಾಡಿದ ಕೆಲಸ ಬರೆಯುವ ಜಾಬ್ ಕಾರ್ಡಿನಲ್ಲಿ ‘ದೋಷ ಕಂಡುಬಂದಿಲ್ಲ’ ಎಂಬ ಸಾಲು ಬೀಳುತ್ತದೆ, ಗಾಡಿ ತೊಳೆದು ವಾಪಸು ಕೊಡುತ್ತಾರೆ. ಟೆಕ್ನಿಷಿಯನ್ ಸುಳ್ಳು ಹೇಳುತ್ತಿದ್ದಾನೆ ಎಂದೇನೂ ಇಲ್ಲ. ಭಾರ, ಏರು, ಬಿಸಿ ಈ ಮೂರೂ ಒಟ್ಟಿಗೆ ಸೇರದೆ ಹೊರಗೆ ಬಾರದ ದೋಷಗಳಿವೆ, ಮತ್ತು ನಮ್ಮ ಸೀಮೆಯಲ್ಲಿ ಆ ಮೂರೂ ಸೇರುವ ಜಾಗ ಸರ್ವೀಸ್ ಸೆಂಟರಿನಿಂದ ಬಹಳ ದೂರದಲ್ಲಿದೆ.

ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ಪಾನಾ ಹಿಡಿಯುವುದರ ಬಗ್ಗೆ ಇಲ್ಲ. ವಾರಂಟಿಯಲ್ಲಿರುವ ಗಾಡಿಯ ಗೇರ್‌ಬಾಕ್ಸನ್ನು ಮಾಲೀಕ ಬಿಚ್ಚಬಾರದು, ಪರಿಚಯದ ಮೆಕ್ಯಾನಿಕ್‌ನಿಂದ ಬಿಚ್ಚಿಸಲೂ ಬಾರದು. ಮಾಲೀಕನ ಕೆಲಸ ದೋಷ ಯಾವಾಗ, ಯಾವ ಗೇರಿನಲ್ಲಿ, ಎಷ್ಟು ಬಿಸಿಯಲ್ಲಿ, ಎಂಥ ಏರಿನಲ್ಲಿ ಬರುತ್ತದೆ ಎಂದು ಹಿಡಿದು, ಇನ್ನೊಬ್ಬರ ಎದುರು ಅದನ್ನು ಮತ್ತೆ ಬರಿಸುವುದು.

ನಿಮ್ಮದು ಯಾವ ಗೇರ್‌ಬಾಕ್ಸ್?

‘ಆಟೋಮ್ಯಾಟಿಕ್’ ಎಂಬ ಒಂದೇ ಹೆಸರಿನಲ್ಲಿ ಐದು ಬೇರೆ ಬೇರೆ ಯಂತ್ರಗಳು ಮಾರಾಟವಾಗುತ್ತಿವೆ. ಗಾಡಿ ಕೊಂಡವರಲ್ಲಿ ಅನೇಕರಿಗೆ ತಮ್ಮದು ಯಾವುದು ಎಂದು ಗೊತ್ತಿರುವುದಿಲ್ಲ, ಮಾರಿದವರೂ ಹೇಳಿರುವುದಿಲ್ಲ. ಟ್ರೈಬರ್‌ನಲ್ಲಿ ಬರುವುದು ಎಎಂಟಿ. ಅಂದರೆ ಮಾಮೂಲಿ ಮ್ಯಾನ್ಯುವಲ್ ಗೇರ್‌ಬಾಕ್ಸೇ, ಆದರೆ ಕ್ಲಚ್ ಒತ್ತುವುದನ್ನೂ ಗೇರ್ ಬದಲಿಸುವುದನ್ನೂ ಒಂದು ಯಾಂತ್ರಿಕ ಕೈ ಮಾಡುತ್ತದೆ. ಎರ್ಟಿಗಾ ಆಟೋಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್ ಇದೆ, ಅಂದರೆ ಎಂಜಿನ್ನಿನ ಬಲವನ್ನು ಗೇರುಗಳಿಗೆ ಆಯಿಲ್ ಮೂಲಕ ದಾಟಿಸುವ ಬಗೆ. ಮೊದಲು 4 ಗೇರಿನದಿತ್ತು, 2022ರಿಂದ 6 ಗೇರಿನದು ಬಂತು. ಕ್ಯಾರೆನ್ಸ್ ಕ್ಲಾವಿಸ್‌ನ ಟರ್ಬೋ ಪೆಟ್ರೋಲಿನಲ್ಲಿ 7 ಗೇರಿನ ಡ್ಯುಯಲ್ ಕ್ಲಚ್ (ಒಂದು ಬಿಡುವಾಗ ಇನ್ನೊಂದು ಹಿಡಿಯುವ ಎರಡು ಕ್ಲಚ್ಚುಗಳ ಗೇರ್‌ಬಾಕ್ಸ್) ಸಿಗುತ್ತದೆ, ಅದೇ ಗಾಡಿಯ ಡೀಸೆಲ್ ಆಟೋಮ್ಯಾಟಿಕ್‌ನಲ್ಲಿ ಟಾರ್ಕ್ ಕನ್ವರ್ಟರ್. ಇನ್ನೋವಾ ಹೈಕ್ರಾಸ್‌ನ ಸಾಮಾನ್ಯ ಪೆಟ್ರೋಲಿನಲ್ಲಿ ಬೆಲ್ಟ್ ಮತ್ತು ಪುಲ್ಲಿ ಇರುವ ಸಿವಿಟಿ. ಅದರ ಹೈಬ್ರಿಡ್‌ನಲ್ಲಿರುವ ಇ-ಸಿವಿಟಿಗೆ ಹೆಸರೊಂದೇ ಹತ್ತಿರ. ಒಳಗೆ ಬೆಲ್ಟೇ ಇಲ್ಲ, ವಿದ್ಯುತ್ ಮೋಟಾರುಗಳೂ ಗೇರುಗಳ ಒಂದು ಗುಚ್ಛವೂ ಸೇರಿ ಕೆಲಸ ಮಾಡುತ್ತವೆ. ಈಗ ಬರುವ ಇನ್ನೋವಾ ಕ್ರಿಸ್ಟಾ ಪೂರ್ತಿ ಮ್ಯಾನ್ಯುವಲ್, ಮೇಲಾಗಿ ಎಂಜಿನ್ ಹಿಂದಿನ ಚಕ್ರಗಳನ್ನು ತಿರುಗಿಸುವ ಗಾಡಿ.

ಇದನ್ನು ತಿಳಿಯದೆ ಲಕ್ಷಣ ಓದುವುದು ವ್ಯರ್ಥ. ಗೇರ್ ಬದಲಾಗುವಾಗ ಗಾಡಿ ಒಮ್ಮೆ ಮುಂದಕ್ಕೆ ತಲೆ ಬಾಗಿಸಿದಂತಾಗುವುದು ಎಎಂಟಿಯ ಹುಟ್ಟುಗುಣ. ಟಾರ್ಕ್ ಕನ್ವರ್ಟರ್‌ನಲ್ಲಿ ಅದೇ ಕಂಡರೆ ಕಾಯಿಲೆ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಮೊದಲು ಏರಿ, ವೇಗ ಆಮೇಲೆ ಹಿಂಬಾಲಿಸುವುದು ಸಿವಿಟಿಯಲ್ಲಿ ಸಹಜ. ಮ್ಯಾನ್ಯುವಲ್‌ನಲ್ಲಿ ಹಾಗಾದರೆ ಕ್ಲಚ್ ಜಾರುತ್ತಿದೆ.

ದೋಷವಲ್ಲದವುಗಳನ್ನು ಮೊದಲೇ ಬದಿಗಿಡೋಣ. ಜನವರಿಯ ಬೆಳಗ್ಗೆ ಮಂಜಿನಲ್ಲಿ ಗಾಡಿ ಚಾಲೂ ಮಾಡಿದಾಗ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಳಗಿನ ಗೇರನ್ನು ಸ್ವಲ್ಪ ಹೊತ್ತು ಹೆಚ್ಚಾಗಿ ಹಿಡಿದಿಟ್ಟುಕೊಳ್ಳುತ್ತದೆ. ಆಯಿಲ್ ಬಿಸಿಯಾದ ಮೇಲೆ ಸರಿಹೋಗುತ್ತದೆ. ಘಟ್ಟ ಇಳಿಯುವಾಗ ಮೇಲಿನ ಗೇರಿಗೆ ಹೋಗದೆ ಎಂಜಿನ್ ಗೊರಗುಟ್ಟಿದರೆ ಅದು ಬ್ರೇಕಿನ ಮೇಲಿನ ಭಾರ ತಪ್ಪಿಸಲು ಗೇರ್‌ಬಾಕ್ಸ್ ಬೇಕೆಂದೇ ಮಾಡುವ ಕೆಲಸ. ಹೊಸ ಮ್ಯಾನ್ಯುವಲ್‌ನಲ್ಲಿ ಮೊದಲ ಗೇರ್ ಬೆಳಗ್ಗೆ ಒಂದೆರಡು ಬಾರಿ ಬಿಗಿಯಾಗಿ ಬಿದ್ದರೆ ಆತಂಕ ಬೇಡ. ದಿನವಿಡೀ ಹಾಗೆಯೇ ಇದ್ದರೆ ಮಾತು ಬೇರೆ.

ಗೇರ್‌ಬಾಕ್ಸಿನ ಹೊರಗಿನ ಕಳ್ಳರು

ಗೇರ್‌ಬಾಕ್ಸ್ ಮೇಲೆ ಬರುವ ದೂರುಗಳಲ್ಲಿ ಗಣನೀಯ ಪಾಲು ಬೇರೆ ಭಾಗಗಳದ್ದು. ಗುಂಯ್ ಎನ್ನುವ ಸದ್ದು ವೇಗದ ಜೊತೆ ಏರುತ್ತಿದ್ದು, ಬಲಕ್ಕೆ ಅಥವಾ ಎಡಕ್ಕೆ ತಿರುಗಿಸಿದಾಗ ಹೆಚ್ಚುಕಡಿಮೆಯಾದರೆ ಚಕ್ರದ ಬೇರಿಂಗ್ ನೋಡಿಸಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕ ಟಕ ಎಂದರೆ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿನ ಜಾಯಿಂಟ್. ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಚೆಲ್ಲಿರುತ್ತದೆ, ಬಗ್ಗಿ ನೋಡಿದರೆ ಕಾಣುತ್ತದೆ. ತೋಟದ ದಾರಿಯ ಕಡ್ಡಿ, ಚೂಪುಗಲ್ಲು ಈ ಬೂಟನ್ನು ಹರಿಯಲು ಗಾಡಿ ಹಳೆಯದಾಗಬೇಕೆಂದಿಲ್ಲ. ರಿವರ್ಸ್‌ನಿಂದ ಡ್ರೈವ್‌ಗೆ ಹಾಕಿದಾಗ ದಡ್ ಎಂದು ಎಂಜಿನ್ ಅಲುಗಿದರೆ ಎಂಜಿನ್ನನ್ನು ಹಿಡಿದಿಡುವ ಎಂಜಿನ್ ಮೌಂಟ್ ಮೇಲೆ ಮೊದಲ ಸಂಶಯ ಬರಲಿ.

ಎಂಜಿನ್ನಿನ ಮಿಸ್‌ಫೈರ್, ಅಂದರೆ ಇಂಧನ ಸರಿಯಾಗಿ ಉರಿಯದಿರುವುದು ಕೂಡ ಗೇರ್‌ಬಾಕ್ಸಿನ ನಡುಕದ ವೇಷ ಹಾಕುತ್ತದೆ. ಇವೆರಡನ್ನು ಬೇರ್ಪಡಿಸಲು ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ ಒಂದು ಸುಲಭ ಪರೀಕ್ಷೆ ಇದೆ. ಗಂಟೆಗೆ 60ರಿಂದ 80 ಕಿಲೋಮೀಟರ್ ವೇಗದಲ್ಲಿ, ಹಿಂದೆ ಮುಂದೆ ವಾಹನವಿಲ್ಲದ ನೇರ ರಸ್ತೆಯಲ್ಲಿ, ಆಕ್ಸಿಲರೇಟರನ್ನು ಹಗುರವಾಗಿ ಒಂದೇ ಮಟ್ಟದಲ್ಲಿ ಹಿಡಿದು ನಡುಕ ಬರುವವರೆಗೆ ಕಾಯಿರಿ. ಬಂದಾಗ ಆಕ್ಸಿಲರೇಟರ್ ಬಿಡದೆ ಎಡಗಾಲಿನಿಂದ ಬ್ರೇಕ್ ಪೆಡಲನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟಿ. ಹಾಗೆ ಮಾಡಿದೊಡನೆ, ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ ಕನ್ವರ್ಟರ್ ಒಳಗಿನ ಲಾಕಪ್ ಕ್ಲಚ್ ಬಿಡುತ್ತದೆ. ಅದೇ ಕ್ಷಣ ನಡುಕ ನಿಂತರೆ ಲಾಕಪ್ ಕ್ಲಚ್ ಅಥವಾ ಆಯಿಲ್ ತಪ್ಪಿತಸ್ಥ. ನಡುಕ ಮುಂದುವರಿದರೆ ಎಂಜಿನ್, ಟಯರ್ ಕಡೆ ಹೋಗಿ. ಎಡಗಾಲಿನ ಅಭ್ಯಾಸವಿಲ್ಲದವರು ಈ ಪರೀಕ್ಷೆಯನ್ನು ಟೆಕ್ನಿಷಿಯನ್‌ಗೇ ಬಿಡುವುದು ಕ್ಷೇಮ.

ಬ್ಯಾಟರಿಯನ್ನು ಯಾರೂ ಸಂಶಯಿಸುವುದಿಲ್ಲ, ಆದರೆ ಎಎಂಟಿಯ ಯಾಂತ್ರಿಕ ಕೈ ಬ್ಯಾಟರಿಯ ಬಲದಲ್ಲೇ ಬದುಕುತ್ತದೆ. ತೋಟದ ಮನೆಯಲ್ಲಿ ವಾರಗಟ್ಟಲೆ ನಿಂತ ಗಾಡಿ ಹೊರಟ ಮೊದಲ ದಿನ ಗೇರ್ ತಪ್ಪಿಸಿದರೆ ವೋಲ್ಟೇಜ್ ಅಳೆಯಿರಿ. ರಾತ್ರಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಆರೋಗ್ಯ, 12.2ಕ್ಕಿಂತ ಕೆಳಗಿದ್ದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿಸಿ, ಆಮೇಲೆ ಗೇರ್‌ಬಾಕ್ಸನ್ನು ಬಯ್ಯಬಹುದು. ಗೇರ್ ‘ಪಿ’ಯಿಂದ (ಪಾರ್ಕಿಂಗ್) ಹೊರಗೇ ಬರುತ್ತಿಲ್ಲವೆಂದರೆ ಹಿಂದೆ ಯಾರನ್ನಾದರೂ ನಿಲ್ಲಿಸಿ ಬ್ರೇಕ್ ದೀಪ ಹತ್ತುತ್ತಿದೆಯೇ ಕೇಳಿ. ಹತ್ತದಿದ್ದರೆ ಬ್ರೇಕ್ ಸ್ವಿಚ್ ಅಥವಾ ಫ್ಯೂಸ್ ಹೋಗಿದೆ, ಬ್ರೇಕ್ ಒತ್ತಿದ್ದು ಗೇರ್ ಲಿವರಿಗೆ ತಿಳಿಯುತ್ತಿಲ್ಲ.

ಏರಿನಲ್ಲಿ ಎಳೆಯದಿದ್ದರೆ

ಮಲೆನಾಡಿನ ನಿಜವಾದ ದೂರು ಇದು, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಏಳು ಜನರನ್ನು ತಲಾ 60 ಕಿಲೋ ಎಂದು ಹಿಡಿದರೂ 420 ಕಿಲೋ ಆಯಿತು. ಅದರ ಮೇಲೆ ಬಾಳೆಗೊನೆ, ಬ್ಯಾಗು, ಮಾವಿನಮಿಡಿ ಉಪ್ಪಿನಕಾಯಿಯ ಡಬ್ಬ. ಎ.ಸಿ. ಚಾಲೂ ಇರುತ್ತದೆ. ಎದುರಿಗೆ ಬಸ್ ಬಂದು ತಿರುವಿನ ನಡುವೆ ನಿಲ್ಲಬೇಕಾಗುತ್ತದೆ. ಆ ಸ್ಥಿತಿಯಲ್ಲಿ ಒಂದೂವರೆ ಲೀಟರಿನ ಎಂಜಿನ್ ಏದುಸಿರು ಬಿಡುವುದು ನ್ಯಾಯವೇ. ಆದರೆ ಎಂಜಿನ್ ಸೋಲುವುದಕ್ಕೂ ಗೇರ್‌ಬಾಕ್ಸ್ ಜಾರುವುದಕ್ಕೂ ವ್ಯತ್ಯಾಸವಿದೆ, ಮತ್ತು ಅದು ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮುಳ್ಳಿನಲ್ಲಿ ಕಾಣುತ್ತದೆ. ಎಂಜಿನ್ ಸೋತರೆ ಆರ್‌ಪಿಎಂ ಮತ್ತು ವೇಗ ಎರಡೂ ಒಟ್ಟಿಗೆ ಇಳಿಯುತ್ತವೆ. ಗೇರ್‌ಬಾಕ್ಸ್ ಅಥವಾ ಕ್ಲಚ್ ಜಾರಿದರೆ ಆರ್‌ಪಿಎಂ ಒಮ್ಮೆಲೇ ಮೇಲಕ್ಕೆ ಹಾರುತ್ತದೆ, ವೇಗ ಇದ್ದಲ್ಲೇ ಇರುತ್ತದೆ ಅಥವಾ ಕುಸಿಯುತ್ತದೆ. ಪಕ್ಕದ ಸೀಟಿನವರಿಗೆ ಮೀಟರ್ ಬೋರ್ಡಿನ ವಿಡಿಯೊ ತೆಗೆಯಲು ಹೇಳಿ. ಚಾಲಕ ತೆಗೆಯಬಾರದು, ಆಗುಂಬೆ ತಿರುವು ಮೊಬೈಲ್ ಹಿಡಿಯುವ ಜಾಗವಲ್ಲ.

ಮ್ಯಾನ್ಯುವಲ್ ಗಾಡಿಯಾದರೆ ಕ್ಲಚ್ ಪರೀಕ್ಷೆಗೆ ಘಟ್ಟವೇ ಬೇಕೆಂದಿಲ್ಲ. ಸಮತಟ್ಟಾದ ಖಾಲಿ ರಸ್ತೆಯಲ್ಲಿ 40–50 ಕಿಲೋಮೀಟರ್ ವೇಗಕ್ಕೆ ಬಂದು ನಾಲ್ಕನೇ ಅಥವಾ ಐದನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಗಾಡಿ ನಿಧಾನವಾಗಿ, ಗೊಣಗುತ್ತಾ ವೇಗ ಪಡೆದರೆ ಕ್ಲಚ್ ಸರಿಯಿದೆ. ಮುಳ್ಳು ಮಾತ್ರ ಜಿಗಿದರೆ ಪ್ಲೇಟ್ ಸವೆದಿದೆ ಅಥವಾ ಅದಕ್ಕೆ ಆಯಿಲ್ ತಾಗಿದೆ. ಹೊಸ ಗಾಡಿಯಲ್ಲಿ ಕ್ಲಚ್ ಸವೆದರೆ ಕಂಪನಿಯವರು ಚಾಲಕನ ಎಡಗಾಲಿನತ್ತ ಬೆರಳು ತೋರಿಸುತ್ತಾರೆ, ಸವೆಯುವ ಭಾಗವೆಂದು ವಾರಂಟಿಯಿಂದ ಹೊರಗೂ ಇಡುತ್ತಾರೆ. ಬಹಳ ಸಲ ಅವರ ಮಾತು ಸರಿ ಎಂಬುದನ್ನೂ ಹೇಳಿಬಿಡುತ್ತೇನೆ. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಬಳಸದೆ ಅರ್ಧ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸಿಕೊಳ್ಳುವ ‘ಕಲೆ’ಯನ್ನು ನಮ್ಮಲ್ಲಿ ಕೆಲವರು ಹೆಮ್ಮೆಯಿಂದ ಕಲಿಸುತ್ತಾರೆ. ಪ್ಲೇಟ್ ಸುಡುವುದೇ ಅಲ್ಲಿ. ಆದರೆ ಪ್ಲೇಟಿಗೆ ಆಯಿಲ್ ತಾಗಿದ್ದರೆ ಅದು ಸೀಲಿನ ದೋಷ, ಚಾಲಕನದ್ದಲ್ಲ. ಬಿಚ್ಚಿದಾಗ ಫೋಟೊ ತೆಗೆದುಕೊಡಲು ಮೊದಲೇ ಬರೆಸಿ. ಪ್ಲೇಟ್ ನೀಲಿಗಟ್ಟಿದೆಯೇ, ಎಣ್ಣೆಯಲ್ಲಿ ನೆಂದಿದೆಯೇ ಎಂಬುದರ ಮೇಲೆ ದುಡ್ಡು ಯಾರದೆಂದು ತೀರ್ಮಾನವಾಗುತ್ತದೆ.

ಡ್ರೈ ಡ್ಯುಯಲ್ ಕ್ಲಚ್ (ಕ್ಲಚ್ಚುಗಳು ಆಯಿಲಿನಲ್ಲಿ ಮುಳುಗಿರದ ಬಗೆ) ಮತ್ತು ಎಎಂಟಿಯಲ್ಲಿ ಕ್ಲಚ್ ತಣಿಯುವುದು ಗಾಳಿಯಿಂದ ಮಾತ್ರ. ಏರಿನಲ್ಲಿ ತೆವಳುತ್ತಾ ಹೋದರೆ, ಅಥವಾ ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತಡದಲ್ಲೇ ಗಾಡಿ ಹಿಂದೆ ಜಾರದಂತೆ ನಿಲ್ಲಿಸಿಕೊಂಡರೆ, ಕೆಲವೇ ನಿಮಿಷಗಳಲ್ಲಿ ಸುಟ್ಟ ವಾಸನೆ ಬರುತ್ತದೆ, ಗಾಡಿ ಅದುರುತ್ತದೆ, ಬಿಸಿಯ ಎಚ್ಚರಿಕೆ ಮೀಟರ್ ಬೋರ್ಡಿನಲ್ಲಿ ಮೂಡುತ್ತದೆ. ಆಗ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಡ್ಯುಯಲ್ ಕ್ಲಚ್ಚಾದರೆ ‘ಪಿ’ಗೆ, ಎಎಂಟಿಯಾದರೆ ನ್ಯೂಟ್ರಲ್‌ಗೆ ಹಾಕಿ ಎಂಜಿನ್ ಚಾಲೂ ಇಟ್ಟು ಕಾಯಿರಿ. ಎಚ್ಚರಿಕೆ ಹೋದ ಮೇಲೆ ಹೊರಟರೆ ಏನೂ ತೊಂದರೆಯಿಲ್ಲದೆ ಹತ್ತಿದರೆ ಅದು ಯಂತ್ರ ತನ್ನನ್ನು ಕಾಪಾಡಿಕೊಂಡದ್ದು. ತೆವಳದೆ, ನಿಲ್ಲದೆ, ಸರಾಗವಾಗಿ ಹತ್ತುವಾಗಲೂ ಎಚ್ಚರಿಕೆ ಬಂದರೆ ಮಾತ್ರ ದೋಷವೆಂದು ಬರೆಸಿ.

ನಮ್ಮ ಮನೆಗಳ ಅಂಗಳದ ಏರು ಇನ್ನೊಂದು ಕತೆ. ರಸ್ತೆಯಿಂದ ಕೆಳಗೆ ತೋಟ, ತೋಟದ ಅಂಚಿಗೆ ಮನೆ, ಅಂಗಳದಲ್ಲಿ ಗಾಡಿ ತಿರುಗಿಸಲು ಜಾಗವಿಲ್ಲ. ಆದ್ದರಿಂದ ದಿನವೂ ರಿವರ್ಸಿನಲ್ಲೇ ಕಡಿದಾದ ಏರು ಹತ್ತಬೇಕು. ಎಎಂಟಿ ಮತ್ತು ಡ್ರೈ ಡ್ಯುಯಲ್ ಕ್ಲಚ್‌ಗಳಿಗೆ ಇದಕ್ಕಿಂತ ಕಠಿಣ ಶಿಕ್ಷೆ ಇಲ್ಲ. ಇಂಥ ಮನೆಯವರು ಈ ಎರಡು ಬಗೆಯ ಗಾಡಿ ಕೊಳ್ಳದಿರುವುದೇ ಲೇಸು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈಗಾಗಲೇ ಕೊಂಡಿದ್ದರೆ ಮುಂದಿನಿಂದ ಹತ್ತುವಂತೆ ಗಾಡಿ ತಿರುಗಿಸಲು ಅಂಗಳದ ಮೂಲೆಯನ್ನೊಂದಿಷ್ಟು ಕಡಿಸಿ. ಹೊಸ ಕ್ಲಚ್ಚಿಗಿಂತ ಜೆಸಿಬಿ ಬಾಡಿಗೆ ಅಗ್ಗ.

ಟಾರ್ಕ್ ಕನ್ವರ್ಟರಿನಲ್ಲಿ ಮತ್ತು ಸಿವಿಟಿಯಲ್ಲಿ ಏರಿನ ಎಳೆತ ತಪ್ಪಿದರೆ ಆಯಿಲ್ ಕಡೆ ನೋಡಬೇಕು. ಇಲ್ಲಿ ಒಂದು ಸೂಕ್ಷ್ಮ ಸುಳಿವಿದೆ. ನೇರ ಏರಿನಲ್ಲಿ ಸರಿಯಾಗಿ ಎಳೆದು, ಹೇರ್‌ಪಿನ್ ತಿರುವಿನಲ್ಲಿ ಮಾತ್ರ ಒಂದು ಕ್ಷಣ ಎಳೆತ ಬಿಟ್ಟು ಮತ್ತೆ ಹಿಡಿದರೆ ಆಯಿಲ್ ಮಟ್ಟ ಕಡಿಮೆ ಇರುವ ಸಾಧ್ಯತೆ ಹೆಚ್ಚು. ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪ್ ಗಾಳಿ ಹೀರುತ್ತದೆ, ಒತ್ತಡ ಬೀಳುತ್ತದೆ, ಒಳಗಿನ ಕ್ಲಚ್ಚುಗಳು ಜಾರುತ್ತವೆ. ಹೊಸ ಗಾಡಿಯಲ್ಲೂ ಶಾಫ್ಟಿನ ಸೀಲ್, ಕೂಲರ್ ಪೈಪಿನ ಜೋಡಣೆ ಸೋರಬಹುದು. ರಾತ್ರಿ ಗಾಡಿಯ ಕೆಳಗೆ ರಟ್ಟು ಹಾಸಿಡಿ. ಎ.ಸಿ. ನೀರು ಬಣ್ಣವಿಲ್ಲದೆ ಒಣಗಿಹೋಗುತ್ತದೆ. ಗೇರ್ ಆಯಿಲ್ ಜಿಡ್ಡಿನ ಕಲೆ ಉಳಿಸುತ್ತದೆ.

ಮಟ್ಟ ಅಳೆಯಲು ಹೋಗಬೇಡಿ. ಈಗಿನ ಬಹುತೇಕ ಗೇರ್‌ಬಾಕ್ಸ್‌ಗಳಲ್ಲಿ ಅಳತೆ ಕಡ್ಡಿಯೇ ಇಲ್ಲ. ಗಾಡಿಯನ್ನು ಲಿಫ್ಟಿನ ಮೇಲೆ ಸಮವಾಗಿ ನಿಲ್ಲಿಸಿ, ಎಂಜಿನ್ ಚಾಲೂ ಇಟ್ಟು, ಸ್ಕ್ಯಾನರಿನಲ್ಲಿ ಆಯಿಲ್ ಬಿಸಿ ನೋಡುತ್ತಾ, ಕಂಪನಿ ಹೇಳಿದ ಬಿಸಿಯಲ್ಲಿ ತಪಾಸಣೆ ಬೋಲ್ಟ್ ಬಿಚ್ಚಿ ನೋಡಬೇಕು. ಯಾರಾದರೂ ಸಿವಿಟಿಗೆ ಸಾಮಾನ್ಯ ಆಟೋಮ್ಯಾಟಿಕ್ ಆಯಿಲ್ ಸುರಿಯಲು ಹೊರಟರೆ ಅಲ್ಲೇ ತಡೆಯಿರಿ. ಸಿವಿಟಿಯ ಬೆಲ್ಟ್ ಪುಲ್ಲಿಯನ್ನು ಹಿಡಿಯುವುದೇ ಅದರ ವಿಶೇಷ ಆಯಿಲಿನ ಗುಣದಿಂದ.

ತಡ, ದಡ್ ಸದ್ದು, ಒಂದೇ ಗೇರಿನ ಹಟ

ಗಾಡಿ ಬಿಸಿಯಾದ ಮೇಲೆ ಸಮತಟ್ಟಿನಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿ, ನ್ಯೂಟ್ರಲ್‌ನಿಂದ ರಿವರ್ಸ್‌ಗೂ ಮತ್ತೆ ನ್ಯೂಟ್ರಲ್‌ನಿಂದ ಡ್ರೈವ್‌ಗೂ ಹಾಕಿ ನೋಡಿ. ಟಾರ್ಕ್ ಕನ್ವರ್ಟರಿನಲ್ಲಿ ಸುಮಾರು ಒಂದು ಸೆಕೆಂಡಿನೊಳಗೆ ಗೇರ್ ಹಿಡಿದದ್ದು ಮೈಗೆ ತಿಳಿಯಬೇಕು. ಎರಡು ಸೆಕೆಂಡಿಗೂ ಹೆಚ್ಚು ಹಿಡಿದು ಆಮೇಲೆ ದಡ್ ಎಂದರೆ ಆಯಿಲ್ ಒತ್ತಡ ಕಡಿಮೆ ಇದೆ ಎಂದರ್ಥ.

ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯನ್ನು ‘ಪಿ’ಯಿಂದ ತೆಗೆಯುವಾಗ ಮಾತ್ರ ದಡ್ ಎನ್ನುತ್ತದೆಯೇ? ಹಾಗಾದರೆ ಗೇರ್‌ಬಾಕ್ಸ್ ನಿರಪರಾಧಿ. ಹ್ಯಾಂಡ್‌ಬ್ರೇಕ್ ಎಳೆಯುವ ಮೊದಲೇ ‘ಪಿ’ಗೆ ಹಾಕಿ ಬ್ರೇಕ್ ಬಿಟ್ಟರೆ ಇಡೀ ಗಾಡಿಯ ಭಾರ ಗೇರ್‌ಬಾಕ್ಸ್ ಒಳಗಿನ ಒಂದು ಸಣ್ಣ ಕೊಕ್ಕೆಯ ಮೇಲೆ ನೇತುಬೀಳುತ್ತದೆ. ಬ್ರೇಕ್ ಒತ್ತಿಯೇ ನ್ಯೂಟ್ರಲ್, ಆಮೇಲೆ ಹ್ಯಾಂಡ್‌ಬ್ರೇಕ್, ಆಮೇಲೆ ಕಾಲು ಸಡಿಲಿಸಿ ಗಾಡಿ ಹ್ಯಾಂಡ್‌ಬ್ರೇಕಿನ ಮೇಲೆ ನಿಂತ ಮೇಲೆ ಮತ್ತೆ ಬ್ರೇಕ್ ಒತ್ತಿ ‘ಪಿ’. ಈ ಕ್ರಮದಲ್ಲಿ ಸದ್ದು ಹೋಗಿಬಿಡುತ್ತದೆ.

ಗಾಡಿ ಮೂರನೆಯದೋ ನಾಲ್ಕನೆಯದೋ ಒಂದೇ ಗೇರಿನಲ್ಲಿ ಸಿಕ್ಕಿಕೊಂಡು, ಎಂಜಿನ್ ದೀಪವೂ ಹತ್ತಿದ್ದರೆ ಗೇರ್‌ಬಾಕ್ಸಿನ ಕಂಪ್ಯೂಟರ್ ರಕ್ಷಣಾ ಸ್ಥಿತಿಗೆ ಹೋಗಿದೆ. ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಸರಿಹೋಯಿತೆಂದು ಮರೆಯುವುದೇ ಎಲ್ಲರೂ ಮಾಡುವ ಕೆಲಸ. ದಿನಾಂಕ, ಕಿಲೋಮೀಟರ್ ಓದು, ಜಾಗ ಬರೆದಿಡಿ. ದೀಪದ ಫೋಟೊ ತೆಗೆಯಿರಿ.

ಮಳೆ, ಇಲಿ, ಕಲ್ಲು

ಹೊಸ ಗಾಡಿಯ ಗೇರ್‌ಬಾಕ್ಸ್ ಕೆಡಿಸಲು ಮಲೆನಾಡಿಗೆ ಇರುವ ಸ್ವಂತ ದಾರಿಗಳು ಇವು. ಮೂರನ್ನೂ ಕಂಪನಿ ‘ಹೊರಗಿನ ಹಾನಿ’ ಎಂದು ವಾರಂಟಿಯಿಂದ ಹೊರಗಿಡಬಹುದು, ಅದಕ್ಕೇ ದೂರು ಕೊಡುವ ಮೊದಲು ಇವನ್ನು ನೀವೇ ನೋಡಿಕೊಂಡಿರಬೇಕು.

ಗೇರ್‌ಬಾಕ್ಸಿನ ಮೇಲ್ಭಾಗದಲ್ಲಿ ಉಸಿರಾಟದ ಸಣ್ಣ ಕಿಂಡಿ ಇರುತ್ತದೆ. ಏರು ಹತ್ತಿ ಕಾದ ಗೇರ್‌ಬಾಕ್ಸ್ ತಕ್ಷಣ ಹಳ್ಳದ ತಣ್ಣೀರಿನಲ್ಲಿ ಇಳಿದರೆ ಒಳಗಿನ ಗಾಳಿ ಕುಗ್ಗಿ, ನೀರು ಆ ಕಿಂಡಿಯಿಂದಲೋ ಸೀಲಿನಿಂದಲೋ ಒಳಗೆ ಎಳೆದುಕೊಳ್ಳುತ್ತದೆ. ಜುಲೈಯಲ್ಲಿ ಮೋರಿಯ ಮೇಲೆ ನೀರು ಹರಿಯುವಾಗ ‘ಇಷ್ಟೇ ತಾನೇ’ ಎಂದು ದಾಟಿಸಿದವರು ನೆನಪು ಮಾಡಿಕೊಳ್ಳಬೇಕು. ನೀರು ಸೇರಿದ ಆಯಿಲ್ ಹಾಲು ಬೆರೆಸಿದಂತೆ ಮಸುಕಾಗುತ್ತದೆ. ಆಟೋಮ್ಯಾಟಿಕ್‌ನಲ್ಲಿ ನೀರು ಕ್ಲಚ್ ಪ್ಲೇಟುಗಳ ಅಂಟನ್ನೇ ಬಿಡಿಸುವುದರಿಂದ ಕೂಡಲೇ ಓಡಿಸುವುದನ್ನು ನಿಲ್ಲಿಸಬೇಕು. ನಿಮ್ಮ ವಿಮೆಯ ಎಂಜಿನ್ ರಕ್ಷಣೆಯ ಹೆಚ್ಚುವರಿ ಭಾಗದಲ್ಲಿ ಗೇರ್‌ಬಾಕ್ಸೂ ಸೇರಿದೆಯೇ ಎಂದು ಮಳೆಗಾಲಕ್ಕೆ ಮೊದಲೇ ಓದಿ ನೋಡಿ.

ಇಲಿಗಳ ವಿಷಯ ಅಡಿಕೆ ಅಟ್ಟದ ಪಕ್ಕ, ಕೊಟ್ಟಿಗೆಯ ಪಕ್ಕ ಗಾಡಿ ನಿಲ್ಲಿಸುವವರಿಗೆ ಹೇಳಬೇಕಾಗಿಲ್ಲ. ಗೇರ್‌ಬಾಕ್ಸಿನ ವೇಗ ಸೆನ್ಸರಿನ ವೈರ್ ಅರ್ಧ ಕಡಿದಿದ್ದರೆ ಒಣ ದಿನಗಳಲ್ಲಿ ಎಲ್ಲವೂ ಸರಿ, ಮಳೆ ಬಂದಾಗ ಗೇರ್ ಸಿಕ್ಕಿಕೊಳ್ಳುತ್ತದೆ. ದೋಷ ಮಳೆಯ ದಿನವೇ ಬರುತ್ತದೆ ಎಂದಾದರೆ ಗೇರ್‌ಬಾಕ್ಸ್ ಬಿಚ್ಚಲು ಒಪ್ಪುವ ಮೊದಲು ವೈರಿಂಗ್ ಮತ್ತು ಕನೆಕ್ಟರುಗಳನ್ನು ನೋಡಿಸಿ. ಬಾನೆಟ್ ಎತ್ತಿದರೆ ಹಿಕ್ಕೆ, ಅಡಿಕೆ ಸಿಪ್ಪೆಯ ನಾರು ಕಾಣಸಿಕ್ಕರೆ ಉತ್ತರ ಅರ್ಧ ಸಿಕ್ಕಂತೆ.

ಕಲ್ಲಿನದು ಸರಳ. ಗಾಡಿಯ ತಳ ಬಂಡೆಗೋ ಎತ್ತರದ ಹಂಪ್‌ಗೋ ತಾಗಿ ಗೇರ್‌ಬಾಕ್ಸಿನ ಆಯಿಲ್ ಪ್ಯಾನ್ ಒಳಗೆ ತಗ್ಗಾದರೆ, ಒಳಗಿನ ಫಿಲ್ಟರ್ ಮತ್ತು ಪ್ಯಾನ್ ತಳದ ನಡುವಿನ ಅಂತರ ಮುಚ್ಚಿ ಪಂಪಿಗೆ ಆಯಿಲ್ ಸಾಲುವುದಿಲ್ಲ. ಒಂದು ಹನಿಯೂ ಸೋರದೆ ಎಳೆತ ತಪ್ಪುವ ಗಾಡಿಯ ಹೊಟ್ಟೆಯನ್ನು ಟಾರ್ಚ್ ಹಾಕಿ ನೋಡಲೇಬೇಕು. ಹಾಗೆಯೇ ಕೂಲರ್ ಮುಂದೆ ಕೆಸರು, ಕೊಳೆತ ಎಲೆ ಕಟ್ಟಿಕೊಂಡರೆ ಆಯಿಲ್ ತಣಿಯುವುದಿಲ್ಲ. ಸಾಮಾನ್ಯ ಓಟದಲ್ಲಿ ಆಯಿಲ್ ಬಿಸಿ 90 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. 120 ದಾಟಿ ಹೊತ್ತುಗಟ್ಟಲೆ ನಿಂತರೆ ಆಯಿಲ್ ಬೇಗ ಕೆಡುತ್ತದೆ.

ಕೋಡ್ ಅಳಿಸಬೇಡಿ

ದೋಷ ಕಂಡಾಗ ಗಾಡಿಯ ಕಂಪ್ಯೂಟರ್ ಒಂದು ಕೋಡ್ ಬರೆದಿಡುತ್ತದೆ. ಸ್ಟಿಯರಿಂಗ್ ಕೆಳಗೆ ತಪಾಸಣೆಗೆಂದೇ ಇರುವ ಓಬಿಡಿ ಕಿಂಡಿಗೆ ಸಿಕ್ಕಿಸುವ ಬ್ಲೂಟೂತ್ ಉಪಕರಣ ಒಂದಿದ್ದರೆ ಈ ಕೋಡುಗಳನ್ನು ಮೊಬೈಲಿನಲ್ಲೇ ಓದಬಹುದು. ಪಿ 0700 ಎಂದರೆ ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಇನ್ನೊಂದು ಕೋಡ್ ಕಾದಿದೆ ಎಂಬ ಸೂಚನೆ ಮಾತ್ರ. ಪಿ 0715 ಒಳಬರುವ ವೇಗದ ಸೆನ್ಸರ್, ಪಿ 0720 ಹೊರಹೋಗುವ ವೇಗದ ಸೆನ್ಸರ್. ಈ ಎರಡು ಕಂಡರೆ ಇಲಿ ಮತ್ತು ನೀರು ನೆನಪಾಗಲಿ. ಪಿ 0730 ಗೇರ್ ಅನುಪಾತ ತಪ್ಪಿದೆ ಎನ್ನುತ್ತದೆ, ಅಂದರೆ ಎಲ್ಲೋ ನಿಜವಾಗಿ ಜಾರುತ್ತಿದೆ. ಪಿ 0741 ಲಾಕಪ್ ಕ್ಲಚ್ಚಿನದು, ಪಿ 0218 ಆಯಿಲ್ ವಿಪರೀತ ಕಾದದ್ದು, ಪಿ 0562 ವೋಲ್ಟೇಜ್ ಕುಸಿದದ್ದು, ಯು 0101 ಗೇರ್‌ಬಾಕ್ಸಿನ ಕಂಪ್ಯೂಟರ್ ಮಾತೇ ಆಡುತ್ತಿಲ್ಲ ಎಂಬುದು. ಕೋಡ್ ಯಾವ ಭಾಗ ಬದಲಿಸಬೇಕು ಎಂದು ಹೇಳುವುದಿಲ್ಲ, ಎಲ್ಲಿ ಹುಡುಕಬೇಕು ಎಂದಷ್ಟೇ ಹೇಳುತ್ತದೆ.

ಓದಿ, ಪರದೆಯ ಚಿತ್ರ ಉಳಿಸಿ, ಅಲ್ಲಿಗೆ ಬಿಡಿ. ಅಳಿಸಿದರೆ ಕೋಡ್ ಬಿದ್ದ ಕ್ಷಣದ ವೇಗ, ಬಿಸಿ, ಆರ್‌ಪಿಎಂಗಳ ದಾಖಲೆಯೂ ಹೋಗುತ್ತದೆ. ದಾರಿಬದಿಯ ಗ್ಯಾರೇಜಿನಲ್ಲಿ ‘ಬ್ಯಾಟರಿ ಟರ್ಮಿನಲ್ ಹತ್ತು ನಿಮಿಷ ತೆಗೆದಿಟ್ಟರೆ ಸರಿಹೋಗುತ್ತದೆ’ ಎನ್ನುವವರು ಸಿಗುತ್ತಾರೆ. ಸರಿಹೋದಂತೆ ಕಾಣುವುದು ನಿಜ. ಆದರೆ ಅದರ ಜೊತೆಗೆ ನಿಮ್ಮ ಸಾಕ್ಷಿಯೂ ಅಳಿಸಿಹೋಗಬಹುದು, ಗೇರ್‌ಬಾಕ್ಸ್ ಕಲಿತ ಹೊಂದಾಣಿಕೆಯೂ ಹೋಗಬಹುದು.

ಜಾಬ್ ಕಾರ್ಡಿನಲ್ಲಿ ಏನು ಬರೆಸಬೇಕು

‘ಗೇರ್ ಪ್ರಾಬ್ಲಂ’ ಎಂದು ಬರೆಸಿದರೆ ‘ದೋಷ ಕಂಡುಬಂದಿಲ್ಲ’ ಎಂಬ ಉತ್ತರಕ್ಕೆ ನೀವೇ ಆಹ್ವಾನ ಕೊಟ್ಟಂತೆ. ಹೀಗೆ ಬರೆಸಿ: “ಆಗುಂಬೆ ಘಾಟಿ, ಸೋಮೇಶ್ವರದಿಂದ ಮೇಲಕ್ಕೆ. ಏಳು ಜನ, ಎ.ಸಿ. ಚಾಲೂ. ಹತ್ತಲು ಆರಂಭಿಸಿ ಕಾಲು ಗಂಟೆಯ ನಂತರ, ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಆರ್‌ಪಿಎಂ 2500ರಿಂದ 4000ಕ್ಕೆ ಹಾರುತ್ತದೆ, ವೇಗ ಏರುವುದಿಲ್ಲ. ನಿಲ್ಲಿಸಿ ತಣಿದ ಮೇಲೆ ಬರುವುದಿಲ್ಲ. ವಿಡಿಯೊ ಇದೆ.” ದೂರು ಬರೆದುಕೊಳ್ಳುವ ಸರ್ವೀಸ್ ಸಲಹೆಗಾರರು ಕಂಪ್ಯೂಟರಿನಲ್ಲಿ ಜಾಗ ಸಾಲದು ಎನ್ನುತ್ತಾರೆ. ಹಾಗಿದ್ದರೆ ಅದೇ ಮಾತನ್ನು ಇಮೇಲ್‌ನಲ್ಲಿ ಕಳಿಸಿ, ಇಮೇಲ್ ದಿನಾಂಕವನ್ನು ಜಾಬ್ ಕಾರ್ಡಿನಲ್ಲಿ ನಮೂದಿಸಲು ಹೇಳಿ.

ಆಮೇಲೆ ಜಂಟಿ ಪರೀಕ್ಷೆ ಕೇಳಿ. ಟೆಕ್ನಿಷಿಯನ್ ನಿಮ್ಮ ಜೊತೆ, ತುಂಬಿದ ಗಾಡಿಯಲ್ಲಿ, ಸ್ಕ್ಯಾನರ್ ಹಚ್ಚಿಕೊಂಡು ಏರು ಹತ್ತಬೇಕು. ಶಿವಮೊಗ್ಗದಿಂದ ಆಗುಂಬೆಗೆ ಬರಲು ಅವರಿಗೆ ಮನಸ್ಸಿಲ್ಲದಿದ್ದರೆ ದಾಖಲೆ ಉಪಕರಣ ಅಳವಡಿಸಿ ಗಾಡಿ ಕೊಡಲಿ, ನೀವೇ ಹತ್ತಿಸಿ ತಂದುಕೊಡಿ. ಜನರ ಬದಲು ಮರಳಿನ ಚೀಲ ಹೇರಿದರೂ ಆದೀತು. ಗೇರ್‌ಬಾಕ್ಸಿಗೆ ನೆಂಟರೂ ಮರಳೂ ಒಂದೇ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದರೆ ಹಳೆಯ ಮತ್ತು ಹೊಸ ಆವೃತ್ತಿಯ ಸಂಖ್ಯೆಗಳನ್ನು ಬರೆಸಿಕೊಳ್ಳಿ. ಅಪ್‌ಡೇಟ್ ಆದ ಮೇಲೆ ಗೇರ್‌ಬಾಕ್ಸ್ ನಿಮ್ಮ ಓಟಕ್ಕೆ ಹೊಂದಿಕೊಳ್ಳಲು ಸ್ವಲ್ಪ ದಿನ ಹಿಡಿಯುತ್ತದೆ, ಮೊದಲ ದಿನದ ಒರಟುತನಕ್ಕೆ ಮತ್ತೆ ಜಗಳ ಬೇಡ.

ಅದೇ ದೋಷ ಮತ್ತೆ ಮತ್ತೆ ಬಂದು, ಬರಿಗೈಯಲ್ಲಿ ಕಳಿಸುತ್ತಲೇ ಇದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಮುಖ್ಯ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ಗಾಡಿಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಕೊಡಬೇಕು. ಪರೀಕ್ಷೆಯಿಲ್ಲದೆ ದೋಷ ತೀರ್ಮಾನಿಸಲು ಆಗದಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಆಯೋಗಕ್ಕಿದೆ. ಅಲ್ಲಿ ನಿಮ್ಮ ಸಿಟ್ಟಿಗಿಂತ ಜಾಬ್ ಕಾರ್ಡುಗಳ ಕಟ್ಟು ಹೆಚ್ಚು ಮಾತಾಡುತ್ತದೆ.

ಗಾಡಿ ಘಟ್ಟದಲ್ಲೇ ನಿಂತರೆ

ಬಿಸಿಯ ಎಚ್ಚರಿಕೆ ತಣಿದ ಮೇಲೂ ಹೋಗದಿದ್ದರೆ, ಹೊಗೆ ಕಂಡರೆ, ಕೆಳಗೆ ಆಯಿಲ್ ಸುರಿದಿದ್ದರೆ, ಒಳಗಿನಿಂದ ಲೋಹ ಅರೆಯುವ ಗರಗರ ಸದ್ದು ಬಂದರೆ ಮುಂದಕ್ಕೆ ಓಡಿಸಬೇಡಿ. ಜನರನ್ನು ಇಳಿಸಿ ಕಣಿವೆಯ ಬದಿಗಲ್ಲ, ಗುಡ್ಡದ ಬದಿಗೆ ನಿಲ್ಲಿಸಿ. ಮಳೆಗಾಲದಲ್ಲಾದರೆ ಗುಡ್ಡ ಜರಿದ ಗುರುತು ಇಲ್ಲದ ಜಾಗ ನೋಡಿ. ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ತ್ರಿಕೋನ ಫಲಕವನ್ನು ತಿರುವಿಗೆ ಮೊದಲೇ, ಕೆಳಗಿನಿಂದ ಬರುವವರಿಗೆ ಕಾಣುವಂತೆ ಇಡಿ.

ಹಗ್ಗ ಕಟ್ಟಿ ಎಳೆಸುವ ಉಪಕಾರಿಗಳು ಬೇಗ ಸಿಗುತ್ತಾರೆ. ಆಟೋಮ್ಯಾಟಿಕ್ ಗಾಡಿಗೆ ಅದು ಅಪಕಾರ: ಎಂಜಿನ್ ಆರಿದಾಗ ಆಯಿಲ್ ಪಂಪ್ ಓಡುವುದಿಲ್ಲ, ಚಕ್ರ ಉರುಳಿದಷ್ಟೂ ಒಳಭಾಗಗಳು ಎಣ್ಣೆಯಿಲ್ಲದೆ ಉಜ್ಜುತ್ತವೆ. ಮುಂದಿನ ಚಕ್ರ ತಿರುಗಿಸುವ ಗಾಡಿಯಾದರೆ ಮುಂಭಾಗ ಎತ್ತಿ ಎಳೆಯಬಹುದು. ಇಡೀ ಗಾಡಿಯನ್ನು ಹೇರಿಕೊಳ್ಳುವ ಫ್ಲಾಟ್‌ಬೆಡ್ ಸಿಕ್ಕರೆ ಅದೇ ಉತ್ತಮ. ಘಾಟಿಯ ಒಳಗೆ ಮೊಬೈಲ್ ಸಿಗ್ನಲ್ ಎಲ್ಲೆಡೆ ಸಿಗುವುದಿಲ್ಲ, ಮೇಲೆ ಹೋಗುವ ಬಸ್ಸಿನಲ್ಲಿ ಒಬ್ಬರನ್ನು ಆಗುಂಬೆಗೆ ಕಳಿಸಿ ಕರೆ ಮಾಡಿಸಿ. ಕಂಪನಿಯ ಸಹಾಯವಾಣಿಗೆ ಹೇಳುವಾಗ ಗಾಡಿ ನಿಂತಿರುವುದು ಎಷ್ಟನೇ ತಿರುವಿನಲ್ಲಿ, ಘಾಟಿಯ ಕೆಳಗೆ ಹೆಬ್ರಿ ಕಡೆಯಿಂದ ಬರುವುದು ಹತ್ತಿರವೋ ಮೇಲೆ ತೀರ್ಥಹಳ್ಳಿ ಕಡೆಯಿಂದಲೋ ಎಂಬುದನ್ನು ಸ್ಪಷ್ಟವಾಗಿ ಹೇಳಿ. ಮಳೆಗಾಲದಲ್ಲಿ ಈ ಘಾಟಿಯಲ್ಲಿ ಭಾರೀ ವಾಹನಗಳಿಗೆ ನಿರ್ಬಂಧ ಹಾಕುವುದುಂಟು. ಆದ್ದರಿಂದ ಬರುವ ಟೋಯಿಂಗ್ ಗಾಡಿ ಎಷ್ಟು ದೊಡ್ಡದು, ಅದನ್ನು ತಪಾಸಣಾ ಗೇಟಿನಲ್ಲಿ ಬಿಡುತ್ತಾರೆಯೇ ಎಂದು ಅದು ಹೊರಡುವ ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ. ಗಾಡಿ ಹೇರಿದ ಮೇಲೆ ಟೋಯಿಂಗ್ ರಸೀದಿಯಲ್ಲಿ ಜಾಗದ ಹೆಸರು, ಹೊತ್ತು, ಕಿಲೋಮೀಟರ್ ಓದು ಬರೆಸಿ, ಅದನ್ನು ಜಾಬ್ ಕಾರ್ಡುಗಳ ಕಟ್ಟಿಗೇ ಸೇರಿಸಿ.